ಸ್ಕೂಟರಿಗೆ ಗೂಡು ಕಟ್ಟಿದ ಸೂರಕ್ಕಿ

ಹದಿನೈದು ದಿನ ರಜೆ ಹಾಕಿ ಮಂಡ್ಯಕ್ಕೆ ಹೋಗಿದ್ದ ಪದ್ಮನಾಭ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟು ನೋಡಿದರೆ, ಸ್ಕೂಟರಿನ ಕನ್ನಡಿಯ ಕಡ್ಡಿಗೆ ಹರಕು ಕಾಲುಚೀಲದಂಥದ್ದೇನೋ ನೇತಾಡುತ್ತಿತ್ತು. ಕಿತ್ತೆಸೆಯಲು ಕೈ ಚಾಚಿದ.

“ಮುಟ್ಟಬೇಡ ತಂಬಿ,” ಎಂದರು ಕೆಳಮನೆಯ ಗೋದಾಬಾಯಿ. “ಸೂರಕ್ಕಿ ಗೂಡು. ಒಳಗೆ ಎರಡು ಮುಟ್ಟೆ ಇದೆ, ಪಾವಂ.”

ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಅವರ ಬಾಯಲ್ಲಿ ತಮ್ಮ ತಂಬಿಯಾಗಿ, ಮೊಟ್ಟೆ ಮುಟ್ಟೆಯಾಗಿ, ಪಾಪ ಪಾವಂ ಆಗಿತ್ತು. ಆದರೆ ಅಡ್ಯಾರಿನ ಆ ಅಪಾರ್ಟ್‌ಮೆಂಟಿನಲ್ಲಿ ಅವರ ಮಾತು ಮೀರುವವರು ಯಾರೂ ಇರಲಿಲ್ಲ.

ಬಸ್ಸಿಗಾದರೂ ಹೋಗೋಣವೆಂದು ಗೇಟಿನ ಕಡೆ ತಿರುಗಿದರೆ ಅಸೋಸಿಯೇಷನ್ ಸೆಕ್ರೆಟರಿ ತಿರುಮಲ ಅಡ್ಡ ಬಂದರು. ಕಾಗೆಯೊಂದು ಬೆಳಗಿನಿಂದ ಗೂಡಿನ ಮೇಲೆ ಕಣ್ಣಿಟ್ಟಿದೆ, ಬಲೆ ತಂದು ಕಟ್ಟುವವರೆಗೆ ಯಾರಾದರೂ ಕಾಯಬೇಕು, ಸ್ಕೂಟರು ಯಾರದೋ ಜವಾಬ್ದಾರಿಯೂ ಅವರದೇ ಎಂದು ತೀರ್ಪು ಕೊಟ್ಟು ಹೊರಟರು. ಗೋದಾಬಾಯಿ ಒಂದು ಕೊಡೆ ತಂದು ಅವನ ಕೈಗಿಟ್ಟರು. ಪದ್ಮನಾಭ ಮೂಲೆಗೆ ಹೋಗಿ ಆಫೀಸಿಗೆ ಫೋನು ಮಾಡಿ, ಜ್ವರ ಬಂದವನ ದನಿ ತೆಗೆದು ರಜೆ ಕೇಳಿದ.

ಮೊದಲ ಅರ್ಧ ಗಂಟೆ ಶಪಿಸುತ್ತ ಕೂತ. ಆಮೇಲೆ ಹಕ್ಕಿ ಬಂತು.

ಹೆಬ್ಬೆರಳಿನಷ್ಟು ಹಕ್ಕಿ. ಕೊಕ್ಕು ಮಾತ್ರ ಸಣ್ಣಗೆ, ಉದ್ದಕ್ಕೆ, ತುದಿಯಲ್ಲಿ ಬಾಗಿ, ಗೋಣಿ ಹೊಲಿಯುವ ದಬ್ಬಣವನ್ನು ಯಾರೋ ಗೊಂಬೆಮನೆಗೆಂದು ಮಾಡಿದಂತಿತ್ತು. ಕೇಪಳದ ಹೂವಿನ ಕೊಳವೆಗೆ ಅದನ್ನಿಳಿಸಿದರೆ ಆ ಹೂವಿಗೆ ಅಳತೆ ತೆಗೆದೇ ಮಾಡಿಸಿದ ಹಾಗೆ ಕೂರುತ್ತಿತ್ತು. ದಾಸವಾಳದ ಎದುರು ಬಂದಾಗ, ಈ ಆಳಕ್ಕೆ ಎಟುಕಲಿಕ್ಕಿಲ್ಲವೆಂದುಕೊಂಡ ಪದ್ಮನಾಭ. ಹಕ್ಕಿ ಹೂವಿನ ಹಿಂಬದಿಗೆ ಹೋಗಿ, ಬುಡಕ್ಕೇ ಒಂದು ತೂತು ಚುಚ್ಚಿ, ಎಳನೀರು ಕುಡಿದಂತೆ ಕುಡಿದು ಬಂತು. ಬರುತ್ತ ಗೋಡೆಯ ಸಂದಿಯಿಂದ ಜೇಡರ ಬಲೆಯ ಎಳೆ ಎಳೆದು ತಂದು, ಅದೇ ಕೊಕ್ಕಿನಿಂದ ಗೂಡಿನ ಸಡಿಲ ಜಾಗವನ್ನು ಬಿಗಿಮಾಡಿತು.

ಪದ್ಮನಾಭನ ಮನೆಯ ಪೆಟ್ಟಿಗೆಯಲ್ಲಿ ಹನ್ನೊಂದು ಸ್ಕ್ರೂಡ್ರೈವರುಗಳಿದ್ದವು. ಆದರೂ ಕಿಟಕಿಯ ಪರದೆ ವಾರಕ್ಕೊಮ್ಮೆ ಹೆಂಡತಿ ಬೃಂದಾಳ ತಲೆಯ ಮೇಲೇ ಬೀಳುತ್ತಿತ್ತು. ಈ ಹಕ್ಕಿಗಿರುವುದು ಒಂದೇ ಸಾಧನ. ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಕಾಗೆ ಇಳಿದಾಗಲೆಲ್ಲ ಕೊಡೆ ಬಿಚ್ಚಿ ಎದ್ದು ನಿಂತ. ಮಧ್ಯಾಹ್ನ ಬಲೆ ಬಂದ ಮೇಲೂ ಊಟಕ್ಕೆ ಮೇಲೆ ಹೋಗಲಿಲ್ಲ. ಬೃಂದಾ ಗೊಣಗುತ್ತಲೇ ತಟ್ಟೆಯನ್ನು ಕೆಳಗೆ ತಂದುಕೊಟ್ಟಳು.

ತಿರುಮಲ ಇದನ್ನೆಲ್ಲ ಫೋಟೊ ತೆಗೆದು, ಹೆಸರು ಸಮೇತ, ಚೆನ್ನೈನ ಪಕ್ಷಿಪ್ರೇಮಿಗಳ ಗ್ರೂಪಿಗೆ ಹಾಕಿದ್ದರು.

ನಾಲ್ಕು ಗಂಟೆಗೆ ಗೇಟಿನ ಮುಂದೆ ಒಂದು ಕಾರು ನಿಂತಿತು. ಇಳಿದವರು ಪದ್ಮನಾಭನ ಮ್ಯಾನೇಜರ್ ಮಾನಸ ಮೇಡಂ. ಕೈಯಲ್ಲಿ ದುರ್ಬೀನು. ಪದ್ಮನಾಭನಿಗೆ ಈಗ ನಿಜವಾಗಿಯೇ ಮೈ ಬಿಸಿಯಾಯಿತು.

ಮೇಡಂ ಬೈಯಲಿಲ್ಲ. ಅವನ ಪಕ್ಕದಲ್ಲೇ ಕೂತು ಅರ್ಧ ಗಂಟೆ ಆ ಕೊಕ್ಕನ್ನೇ ನೋಡಿದರು. ದಾಸವಾಳದ ತೂತು ಕಂಡು ಮಗುವಿನಂತೆ ನಕ್ಕರು. ಸದ್ಯ ನಾನು ಬದುಕಿದೆ ಎಂದುಕೊಂಡ ಪದ್ಮನಾಭ.

ಎದ್ದು ನಿಂತು ಅವರು ಹೇಳಿದರು: “ಮರಿ ಹಾರೋವರೆಗೂ ಸ್ಕೂಟರ್ ಅಲುಗಾಡಿಸ್ಬೇಡಿ. ನಾನೇ ದಿನಾ ಬೆಳಿಗ್ಗೆ ಆರಕ್ಕೆ ಬರ್ತೀನಿ. ಹಕ್ಕಿ ನೋಡ್ಕೊಂಡು ನಿಮ್ಮನ್ನೂ ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಏಳೂವರೆಗೆಲ್ಲ ಸೀಟಲ್ಲಿ ಕೂತ್ಕೋಬಹುದು, ಅಲ್ವಾ?”

ಕಾರು ತಿರುವು ದಾಟಿದ ಮೇಲೆ ಪದ್ಮನಾಭ, ಮರಿ ಹಾರುವುದಕ್ಕೆ ಎಷ್ಟು ದಿನ ಬೇಕೆಂದು ಗೋದಾಬಾಯಿಯನ್ನು ಕೇಳಿದ.

“ಒಂದು ತಿಂಗಳು ತಂಬಿ,” ಎಂದರು ಅವರು. “ಜಾಗ ಹಿಡಿಸಿದ್ರೆ ಅದೇ ಗೂಡಲ್ಲಿ ಇನ್ನೊಂದು ಸಲ.”