ತಾಮ್ರದ ಚೆಂಬಿನ ಚುನಾವಣೆ

ಪುಂಜಾಲಕಟ್ಟೆಯಲ್ಲಿ ನನ್ನ ಸೋದರಮಾವನದು ಜವಳಿ ಅಂಗಡಿ ಎಂದು ಎಲ್ಲರೂ ನಂಬಿದ್ದರು. ಶುದ್ಧ ಸುಳ್ಳು! ಅವರು ಅಂಗಡಿ ಇಟ್ಟದ್ದೇ ಶಬ್ದಗಳ ಹುಟ್ಟು ಹೇಳುವುದಕ್ಕೆ. ಓಡಿಹೋಗದ ಕೇಳುಗರು ಬೇಕಲ್ಲ, ಅದಕ್ಕೆ ಸೀರೆ! ಅರ್ಧ ಬಿಚ್ಚಿದ ಸೀರೆಯನ್ನು ಬಿಟ್ಟು ಎದ್ದುಹೋಗುವ ಹೆಂಗಸು ಭೂಮಿಯ ಮೇಲೆ ಇದ್ದಾಳೆಯೇ? ಮಾವ ಅಷ್ಟು ಬಿಚ್ಚಿ ನಿಲ್ಲಿಸಿ, ಗಲ್ಲಾದ ಕೆಳಗಿನಿಂದ ದಪ್ಪ ನಿಘಂಟನ್ನು ತೆಗೆಯುತ್ತಿದ್ದರು.

ಅದರಲ್ಲೂ ಚೀಟಿ ಎತ್ತುವ, ಓಟು ಹಾಕುವ ಶಬ್ದಗಳೆಂದರೆ ಅವರಿಗೆ ಪ್ರಾಣ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಅಂಗಡಿಗಳಿಗೆಲ್ಲ ಲಕ್ಕಿ ಡ್ರಾದ ಹುಚ್ಚು ಹಿಡಿದಿತ್ತು. ಮಾವನೂ ಒಂದು ದೀಪಾವಳಿಗೆ ಪ್ರೆಶರ್ ಕುಕ್ಕರ್ ಇಟ್ಟರು. ಸಂಜೆ ಜನ ಸೇರಿತು. ಮಾವ ಚೀಟಿಗಳ ಡಬ್ಬಕ್ಕೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

“ಲಾಟರಿ ಅಂತ ಹೇಳ್ತೇವಲ್ಲ, ಲಾಟ್ ಅಂದ್ರೆ ಹಿಂದೆ ಮರದ ಚೂರು. ಅದನ್ನು ಎಸೆದು ಯಾರ ಪಾಲು ಯಾವುದು ಅಂತ ನೋಡುವುದು. ನಾವು ಅದೃಷ್ಟ ಅಂತೇವೆ. ಹಾಗಂದ್ರೆ ಎಂತ? ಕಾಣದ್ದು!”

“ಕುಕ್ಕರ್ ಕಾಣ್ತಾ ಉಂಟಲ್ಲ ಮಾರಾಯ್ರೆ, ಅದನ್ನು ಕೊಡಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಕೊನೆಗೂ ಚೀಟಿ ಹೊರಬರುವಾಗ, ಗೆದ್ದ ನಾರಾವಿಯ ಹೆಂಗಸು ಬಸ್ಸು ತಪ್ಪುತ್ತದೆಂದು ಹೊರಟುಹೋಗಿಯಾಗಿತ್ತು. ಮರುದಿನ ಮಾವ ಕುಕ್ಕರನ್ನು ಸ್ಕೂಟರಿಗೆ ಕಟ್ಟಿಕೊಂಡು ನಾರಾವಿಗೆ ಹೋದರು. ಬೆಳಿಗ್ಗೆ ಹೋದವರು ಮನೆಗೆ ಮುಟ್ಟಿದ್ದು ಸಂಜೆ. ಉಳಿದ ಭಾಷಣ ಬಾಕಿ ಇತ್ತಲ್ಲ!

ಚುನಾವಣೆಯ ಕಾಲದಲ್ಲಂತೂ ಅವರನ್ನು ಹಿಡಿಯುವವರಿಲ್ಲ. ಒಮ್ಮೆ ಒಬ್ಬ ಅಭ್ಯರ್ಥಿ ಕೈಮುಗಿದುಕೊಂಡು ಅಂಗಡಿಗೆ ಬಂದರು. ಮಾವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಕ್ಯಾಂಡಿಡೇಟ್ ಅಂದ್ರೆ ಬಿಳಿ ಬಟ್ಟೆಯವ ಅಂತ ಅರ್ಥ. ರೋಮಿನಲ್ಲಿ ಓಟು ಕೇಳುವವರು ಬಟ್ಟೆಗೆ ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡ್ತಿದ್ರಂತೆ. ನಿಮ್ಮದು ಸ್ವಲ್ಪ ಹಳದಿ ಆದ ಹಾಗೆ ಉಂಟಲ್ಲ?”

ಪಾಪ, ಓಟು ಕೇಳಲು ಬಂದವರು ಎರಡು ಬಿಳಿ ಪಂಚೆ ಕೊಂಡುಹೋದರು!

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ನಾನು ಇದ್ದದ್ದು ಈ ಮಾವನ ಮನೆಯಲ್ಲಿಯೇ. ನಾನು ಉಜಿರೆಯ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಮೂಡುಬಿದಿರೆಯಿಂದ ಸಂಬಂಧ ಬಂತು. ಹುಡುಗ ದುಬೈಯಲ್ಲಿ. ಅವನ ರಜೆ ಮುಗಿಯುವುದರೊಳಗೆ ಮದುವೆ ಆಗಬೇಕು. ನನ್ನ ಓದು ಅಲ್ಲಿಗೇ ನಿಲ್ಲಬೇಕು. ಹುಡುಗನಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಆದರೆ ನನಗೆ ಓದಬೇಕಿತ್ತು. ಹೇಳುವುದು ಹೇಗೆ? ಅಮ್ಮ ಎಷ್ಟೋ ವರ್ಷಗಳ ಮೇಲೆ ನಗುತ್ತಾ ಓಡಾಡುತ್ತಿದ್ದರು.

“ಓಟಿಗೆ ಹಾಕುವ,” ಎಂದರು ಮಾವ.

ಅಜ್ಜಿ, ಅಮ್ಮ, ಅತ್ತೆ, ನಾನು, ಮಾವ. ಒಬ್ಬೊಬ್ಬರ ಕೈಗೂ ಒಂದು ಬಿಳಿ ಅಲಸಂಡೆ ಬೀಜ, ಒಂದು ಹುಣಸೆ ಬೀಜ ಬಂತು. ನಡುವೆ ಮೈ ಒರೆಸುವ ಬೈರಾಸು ಮುಚ್ಚಿದ ತಾಮ್ರದ ಚೆಂಬು.

“ಬ್ಯಾಲೆಟ್ ಅಂದ್ರೆ ಮೊದಲು ಚಿಕ್ಕ ಉಂಡೆ. ಇಟಲಿಯಲ್ಲಿ ಹಾಕ್ತಿದ್ದದ್ದು ಉಂಡೆ, ಕಾಗದ ಅಲ್ಲ. ಬಿಳಿ ಅಂದ್ರೆ ಆಗ್ಬಹುದು, ಕಪ್ಪು ಅಂದ್ರೆ ಬೇಡ. ಕೆಲವು ಕಡೆ ಒಂದೇ ಕಪ್ಪು ಬಿದ್ರೂ ಮುಗೀತು. ನಾವೂ ಹಾಗೇ ಮಾಡುವ.”

“ಇಷ್ಟು ಒಳ್ಳೆ ಸಂಬಂಧಕ್ಕೆ ಕಪ್ಪು ಹಾಕ್ಲಿಕ್ಕೆ ಇಲ್ಲಿ ಯಾರಿಗೆ ಮಂಡೆ ಸಮ ಇಲ್ಲ?” ಎಂದು ಅಜ್ಜಿ ನಕ್ಕರು. ಎಲ್ಲರೂ ಒಪ್ಪಿದರು.

ನನ್ನ ಸರದಿ ಬಂದಾಗ ಅಮ್ಮನ ಮುಖ ನೋಡಿದೆ. ಬೈರಾಸಿನ ಅಡಿಯಲ್ಲಿ ಬಿಳಿ ಬೀಜವನ್ನೇ ಬಿಟ್ಟೆ. ನನ್ನ ಓದು ಮುಗಿಯಿತು ಎಂದುಕೊಂಡೆ. ಕೊನೆಗೆ ಮಾವ ಕೈ ಹಾಕಿ, ಚೆಂಬನ್ನು ಚಾಪೆಯ ಮೇಲೆ ಮಗುಚಿದರು. ನಾಲ್ಕು ಬಿಳಿ. ಒಂದು ಕಪ್ಪು!

ಅಮ್ಮ ನನ್ನತ್ತ ತಿರುಗಿದ್ದೇ ತಡ, ಮಾವ ಗುಡುಗಿದರು. “ಇದು ಗುಪ್ತ ಮತದಾನ! ಯಾರದ್ದು ಅಂತ ಕೇಳಿದವರಿಗೆ ಇವತ್ತು ಊಟ ಇಲ್ಲ!”

ಸೋಮವಾರ ಬೆಳಿಗ್ಗೆ ಮಾವ ನನ್ನನ್ನು ಸ್ಕೂಟರಿನಲ್ಲಿ ಬಸ್ ಸ್ಟಾಂಡಿಗೆ ಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಮಾಮ, ಕಪ್ಪು ಹಾಕಿದ್ದು ನಾನಲ್ಲ.”

“ಗೊತ್ತುಂಟು. ನೀನು ಬೀಜ ಹಾಕುವ ಮೊದಲು ಅಮ್ಮನ ಮುಖ ನೋಡಿದ್ದು ಕಂಡೆ. ಅದು ನನ್ನದು.”

ಮಾವ ರಸ್ತೆ ನೋಡುತ್ತಾ ಹೇಳಿದರು.

“ಓಟು ಅಂದ್ರೆ ಲ್ಯಾಟಿನ್ನಿನಲ್ಲಿ ಹರಕೆ, ಮನಸ್ಸಿನ ಆಸೆ ಅಂತ. ನಿನ್ನ ಆಸೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಹಾಗೆ ನಾನು ಹಾಕಿದೆ. ಇನ್ನು ನಿನ್ನದು ನೀನೇ ಹಾಕ್ಬೇಕು, ಆಯ್ತಾ ಮಗಾ? ನಾನು ಯಾವಾಗಲೂ ಇರ್ತೇನಾ?”

ಅಷ್ಟರಲ್ಲಿ ಉಜಿರೆಯ ಬಸ್ಸು ಬಂತು. ಅಳುತ್ತಲೇ ಹತ್ತಿದೆ. ಮಾವನ ವಿವರಣೆ ಇನ್ನೂ ಸ್ವಲ್ಪ ಉದ್ದ ಇರಬಾರದಿತ್ತೇ ಎಂದು ನನಗೆ ಅನಿಸಿದ್ದು ಅದೇ ಮೊದಲು.