ಮಧ್ಯಾಹ್ನದ ಅಗುಳಿ

ಸಂತೋಷವನ್ನು ಮುಚ್ಚಿಟ್ಟುಕೊಳ್ಳಲು ನನಗೆ ಬರುವುದಿಲ್ಲ. ಕಿಟಕಿ ಮುಚ್ಚುವುದು ಮಾತ್ರ ಚೆನ್ನಾಗಿ ಬರುತ್ತದೆ. ಅಂತರಸಂತೆಯ ಹತ್ತಿರದ ಹಳ್ಳಿಯಲ್ಲಿ ನಮ್ಮದು ಮೊಳದಪ್ಪ ಮಣ್ಣುಗೋಡೆಯ, ನಾಡಹೆಂಚಿನ ಮನೆ. ಅಂಥ ಮನೆ ತಾನಾಗಿಯೇ ತಂಪಾಗಿರುತ್ತದೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ದನ ನೋಡಿಕೊಂಡ ಹಾಗೆ ಅದನ್ನೂ ನೋಡಿಕೊಳ್ಳಬೇಕು. ಕೋಳಿ ಕೂಗುವಾಗ ಬಾಗಿಲು, ಕಿಟಕಿ, ಹಿತ್ತಿಲ ಕದ ಎಲ್ಲ ತೆಗೆದು ತಣ್ಣನೆಯ ಗಾಳಿ ತುಂಬಿಸಬೇಕು. ಬಿಸಿಲು ಜಗಲಿ ಹತ್ತುವ ಮೊದಲು ಎಲ್ಲ ಮುಚ್ಚಬೇಕು. ಕೋತಿ ಸರಿಸಿದ ಹೆಂಚನ್ನು ಮತ್ತೆ ಕೂರಿಸಬೇಕು. ಕೋಟೆಯ ತಾಲೂಕು ಕಚೇರಿಯಲ್ಲಿ ಅಮಲ್ದಾರರಿಗೆ ಪಂಖ ಎಳೆಯಲು ಒಬ್ಬ ಜವಾನನಿದ್ದಾನೆ. ನನ್ನ ಮನೆಗೆ ನಾನೇ ಜವಾನ. ಓದಿದ್ದು ಎರಡನೇ ಕ್ಲಾಸಾದರೂ ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ.

ಈ ಬೇಸಿಗೆಯಲ್ಲಿ ಮಗಳು ಹೆರಿಗೆಗೆ ಬಂದಳು, ಮೊಮ್ಮಗಳು ಹುಟ್ಟಿದಳು. ಅವಳ ಚೆಂದ ಬರೆಯಲು ಹೊರಟರೆ ಕಾಗದ ಸಾಲದು, ಬಿಡಿ. ಸೂತಕ ಕಳೆದದ್ದೇ ತಡ, ಕೆರೆ ಏರಿಯ ಮೇಲೆ, ಸಂತೆಯಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ "ಬಂದು ಕೂಸ್ ನೋಡ್ಕಂಡು ಓಗ್ರಪ್ಪಾ" ಎಂದೆ. ಬಂದರು. ಹೊಲದವರಿಗೆ ಬಿಡುವು ಸಿಗುವುದೇ ಮಟಮಟ ಮಧ್ಯಾಹ್ನ. ಒಬ್ಬರು ಎದ್ದರೆ ಇನ್ನೊಬ್ಬರು, ಬಾಗಿಲು ಮುಚ್ಚುವಂತಿಲ್ಲ. ನಾಲ್ಕೇ ದಿನದಲ್ಲಿ ಮನೆ ಕಾದ ಒಲೆಯಾಯಿತು. ಮಗುವಿನ ಕುತ್ತಿಗೆ ತುಂಬ ಬೆವರುಗುಳ್ಳೆ. ನಿದ್ದೆಯಿಲ್ಲದೆ ಅತ್ತು ಅತ್ತು ದನಿ ಬಿದ್ದುಹೋಯಿತು.

"ಈ ಜನಕ್ಕೆ ಬುದ್ಧಿ ಬ್ಯಾಡ್ವಾ? ಬಿಸ್ಲೊತ್ನಲ್ಲಿ ಬಂದು ಬಾಗ್ಲು ತಗೀತಾರಲ್ಲ!" ಎಂದು ಗುಡುಗಿದೆ. ಮಗುವಿಗೆ ಬೀಸಣಿಗೆ ಬೀಸುತ್ತಿದ್ದ ಹೆಂಡತಿ ತಲೆ ಎತ್ತದೆ, "ಅವ್ರೇನ್ ಕನಸ್ ಕಂಡು ಬಂದ್ರಾ? ಡಂಗುರ ಒಡ್ದೋರ್ ಯಾರು?" ಎಂದಳು. ಪಕ್ಕದಲ್ಲಿ ಮಲಗಿದ್ದ ಮಗಳೂ, "ನೆನ್ನೆ ಬಳೆಗಾರನ್ನೂ ನೀನೇ ಕರ್ಕಬಂದೆ ಕಣಪ್ಪಾ" ಎಂದಳು.

ಕೂಡಲೇ ಕಾನೂನು ಮಾಡಿದೆ. ಬಿಸಿಲೇರಿದ ಮೇಲೆ ಬಾಗಿಲಿಗೆ ಅಗುಳಿ. ಹೊತ್ತು ಇಳಿಯುವವರೆಗೆ ಯಾರು ಬಂದರೂ ತೆಗೆಯಕೂಡದು. "ಯಾರು ಬಂದ್ರೂನಾ?" ಎಂದು ಹೆಂಡತಿ ಎರಡು ಸಲ ಕೇಳಿದಳು. "ಯಾರ್ ಬಂದ್ರೂ ಕಣೇ" ಎಂದೆ. ಎರಡು ದಿನಕ್ಕೆ ಮನೆ ತಣಿಯಿತು, ಗುಳ್ಳೆ ಬಾಡಿದವು, ಮಗು ಕಣ್ತುಂಬ ನಿದ್ದೆ ಮಾಡಿತು.

ಇವತ್ತು ಮಧ್ಯಾಹ್ನ ಹೊಲದಲ್ಲಿ ಬೇಲಿ ಕಟ್ಟುತ್ತಿದ್ದಾಗ ಮೊಮ್ಮಗಳ ಮುಖ ನೆನಪಾಯಿತು. ಕೆಲಸ ಬಿಟ್ಟು ಓಡಿಬಂದು ಕದ ತಟ್ಟಿದೆ.

"ಯಾರು?"

"ನಾನು ಕಣೇ."

"ಒತ್ತಿಳೀಲಿ, ಆಮೇಲ್ ಬನ್ನಿ. ಕೂಸು ಮನೀಕಂಡದೆ" ಎಂದು ಒಳಗಿನಿಂದ ಹೆಂಡತಿಯ ಪಿಸುದನಿ ಬಂತು.

ಜಗಲಿಯ ಮೇಲೆ ನೆರಳಿದ್ದ ಕಡೆಗೆ ಜರುಗುತ್ತ ಕುಳಿತೆ. ದಾರಿಯಲ್ಲಿ ಹೋಗುತ್ತಿದ್ದ ನೆರೆಮನೆಯ ಚಿಕ್ಕಣ್ಣ, "ಇದ್ಯಾಕಣ್ಣ, ಮನೆಯಿಂದ ಆಚೆ ಆಕವ್ರಾ?" ಎಂದ.

"ಮೆತ್ಗೆ ಮಾತಾಡ್ಲಾ, ಕೂಸು ಎದ್ದಾತು!" ಎಂದು ಗದರಿದೆ. ಗದರಿದ ರಭಸಕ್ಕೆ ಕೂಸು ಎದ್ದೇ ಬಿಟ್ಟಿತು.

ಅಗುಳಿ ಸರಿಯಿತು. "ಎಬ್ಬಿಸ್ದೋರೇ ಬಂದು ತೂಗಿ" ಎಂದಳು ಹೆಂಡತಿ. ಕಾನೂನು ಮುರಿದದ್ದಕ್ಕೆ ಅವಳನ್ನು ಬಯ್ಯಬೇಕಿತ್ತು. ಬಿಸಿಲಿಗೆ ಜಾಗ ಕೊಡದಂತೆ ಮೈ ಅಡ್ಡ ತಿರುಗಿಸಿ, ಕಳ್ಳನ ಹಾಗೆ ಒಳಗೆ ನುಸುಳಿದೆ.