ಬಿಂದಿಗೆಗೆ ಕಾಲು ಬಂದ ದಿನ

ಆ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಡೈರಿಗೆ ಹಾಲು ಹಾಕಿ ಬಂದೆ, ನಲ್ಲಿಯ ಹತ್ತಿರ ಜಗಳವಾಡಿ ನೀರು ಹಿಡಿದೆ, ಯಜಮಾನರ ಬಿಳಿ ಶರಟಿಗೆ ಇಸ್ತ್ರಿ ಹಾಕಿದೆ, ನೆನೆಸಿದ್ದ ಹುರುಳಿಕಾಳನ್ನು ಒಲೆಯ ಮೇಲಿಟ್ಟೆ. ಜಗಳವೂ ಒಂದು ಕೆಲಸವೇ ಎಂದು ಬೀದಿ ನಲ್ಲಿಯ ನೀರು ಕುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಚಾಮರಾಜನಗರದಿಂದ ಉಮ್ಮತ್ತೂರಿಗೆ ಹೋಗುವ ಬಸ್ಸು ನಿಂತೂ ನಿಲ್ಲದಂತೆ ನಿಲ್ಲುವ ಊರು. ಬೇಸಿಗೆಯಲ್ಲಿ ನಲ್ಲಿಗೆ ಮನಸ್ಸು ಬಂದ ದಿನವೇ ನೀರು. ಬಿಂದಿಗೆಗಳನ್ನು ಸಾಲಾಗಿಟ್ಟು ನಾವು ಮನೆಗೆಲಸಕ್ಕೆ ಹೋಗುತ್ತಿದ್ದೆವು; ನಮ್ಮ ಪರವಾಗಿ ಅವು ನಿಂತಿರುತ್ತಿದ್ದವು. ಅವತ್ತು ಪಕ್ಕದ ಮನೆಯ ಚಿಕ್ಕತಾಯಮ್ಮ ನನ್ನ ಬಿಂದಿಗೆಯನ್ನು ತನ್ನದರ ಹಿಂದಕ್ಕೆ ಸರಿಸಿದ್ದಳು. ಕೇಳಿದರೆ, "ಬಿಂದ್ಗೇಗೆ ಕಾಲ್ ಬಂದಿತ್ತೇನೋ ಕಣಕ್ಕ, ಅದೇ ನಡ್ಕಂಡು ಓಗ್ಬುಟ್ಟದೆ," ಎಂದಳು. ಇನ್ನು ಇವಳ ಮುಖ ನೋಡಬಾರದು ಎಂದುಕೊಂಡು ಮನೆಗೆ ಬಂದು, ಡ್ರಮ್ಮು ತುಂಬಿಸಿ, ಮುಚ್ಚಳ ಮುಚ್ಚಿ, ಅದರ ಮೇಲೊಂದು ಕಲ್ಲನ್ನೂ ಇಟ್ಟೆ.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯೂ ಹೊಸ ಸೊಸೆಯ ಹಾಗೆ, ಎಲ್ಲ ಕೆಲಸಕ್ಕೂ ಹುರುಪು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಹಳ್ಳಿಹಳ್ಳಿಗೂ ಹೋಗಿ ತೋರಿಸಿ ಎಂದು ಮೇಲಿನಿಂದ ಹುಕುಂ ಆಗಿ, ಮೊದಲ ಸರದಿ ನಮ್ಮೂರಿಗೆ ಬಂದಿತ್ತು. ಶಾಲೆಯ ಮುಂದೆ ಒಂದಿಷ್ಟು ಹುಲ್ಲಿಗೆ ಬೆಂಕಿ ಹಚ್ಚುವುದು, ಫೈರ್ ಇಂಜಿನ್ನು ಅದನ್ನು ಆರಿಸುವುದು, ಆಮೇಲೆ ಭಾಷಣ, ಆಮೇಲೆ ಉಪ್ಪಿಟ್ಟು. ನಮ್ಮ ಯಜಮಾನರು ನಗರದ ಕಚೇರಿಯೊಂದರಲ್ಲಿ ಗುಮಾಸ್ತರಾದ್ದರಿಂದ, ಇಂಜಿನ್ನಿನ ಜೊತೆ ಬರುವ ಸಾಹೇಬರಿಗೆ ಹಾಕುವ ಹಾರದ ಜವಾಬ್ದಾರಿ ಅವರದು. ಊರಿನವರೂ ಸಿದ್ಧತೆಯಲ್ಲಿ ಹಿಂದೆ ಬೀಳಲಿಲ್ಲ. ಸಾಹೇಬರು ನಡೆಯುವ ಬೀದಿ ಕಸವಾಗಿರಬಾರದೆಂದು ಗುಡಿಸಿ, ಕಸವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಚೊಕ್ಕಟವಾಗಲಿ ಎಂದು ಅದಕ್ಕೆ ಕಡ್ಡಿ ಗೀರಿದರು. ಗುಡ್ಡೆ ಹಾಕಿದ ಜಾಗ ಚಿಕ್ಕತಾಯಮ್ಮನ ರಾಗಿಹುಲ್ಲಿನ ಮೆದೆಗೆ ತೀರ ಹತ್ತಿರ. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ ಎಂದು ಗಾಳಿಗೆ ಯಾರೂ ಹೇಳಿರಲಿಲ್ಲ.

"ಅಯ್ಯಯ್ಯೋ, ನನ್ ಮೆದೆ ಕಣ್ರವ್ವಾ! ಬನ್ರೋ!" ಎಂಬ ಕೂಗು ಕೇಳಿ ಹೊರಗೆ ಓಡಿದೆ. ಗಂಡ ತೀರಿಕೊಂಡ ಮೇಲೆ ಎರಡು ಹಸುಗಳ ಹಾಲೇ ಚಿಕ್ಕತಾಯಮ್ಮನ ಸಂಸಾರ. ಮಳೆ ಹಿಡಿಯುವವರೆಗೆ ಅವಕ್ಕೆ ಇದ್ದದ್ದು ಅದೊಂದೇ ಮೇವು. ಮೆದೆಗೆ ಅಂಟಿಕೊಂಡಂತೆಯೇ ತೆಂಗಿನಗರಿ ಹೊದಿಸಿದ ಕೊಟ್ಟಿಗೆ. ನಾನು ಮೆದೆಯನ್ನು ನೋಡಿದೆ, ತಿರುಗಿ ನನ್ನ ಡ್ರಮ್ಮನ್ನು ನೋಡಿದೆ. ಸುಳ್ಳೇಕೆ ಹೇಳಲಿ, ಡ್ರಮ್ಮನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆ. ಆಮೇಲೆ ಕಲ್ಲು, ಮುಚ್ಚಳ ಎರಡನ್ನೂ ಅತ್ತ ಎಸೆದು ಬಿಂದಿಗೆ ಅದ್ದಿದೆ.

ಮುಂದಿನದನ್ನು ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ವರ್ಷಗಟ್ಟಲೆ ನಲ್ಲಿಯ ಹತ್ತಿರ ಸಾಲು ಹಿಡಿದ ಕಾಲುಗಳು ತಾವಾಗಿಯೇ ಸಾಲು ಹಿಡಿದವು. ನನ್ನ ಬಾಗಿಲಿನಿಂದ ಮೆದೆಯವರೆಗೆ ಬೀದಿಯ ಹೆಂಗಸರೆಲ್ಲ ನಿಂತರು. ತುಂಬಿದ ಬಿಂದಿಗೆ ಕೈಯಿಂದ ಕೈಗೆ ಹೋಯಿತು, ಖಾಲಿಯದು ಕೈಯಿಂದ ಕೈಗೆ ಬಂತು. ಗಂಡಸರು ಉರಿಯುವ ಹುಲ್ಲನ್ನು ಗಳದಿಂದ ಎಳೆದು ಹಸಿ ಗೋಣಿಚೀಲದಲ್ಲಿ ಬಡಿದರು. ಬೈಗುಳವೂ ನಲ್ಲಿಯದೇ. "ಲೈನ್ ಬುಟ್ಟು ಮುಂದಕ್ ಬರ್ಬ್ಯಾಡ ಕಣಮ್ಮಿ!" "ಖಾಲಿ ಬಿಂದ್ಗೆ ಇತ್ತಗೆ ತಳ್ಳು!" "ಚೆಲ್ಬ್ಯಾಡ, ಅದೇನ್ ನಿಮ್ಮಪ್ಪ ತೋಡ್ಸಿದ್ ಬಾವಿ ನೀರಾ?" ನನ್ನ ಡ್ರಮ್ಮು ಬರಿದಾದಾಗ ಇನ್ನೊಂದು ಪಕ್ಕದವರ ನೀರಿನ ಕಡಾಯಿ, ಅದು ಬರಿದಾದಾಗ ಎದುರುಮನೆಯ ತೊಟ್ಟಿ. ಅಷ್ಟು ದಿನ ಒಂದು ಚೊಂಬಿಗೆ ಕಚ್ಚಾಡಿದ ಬೀದಿ, ಇದ್ದ ನೀರನ್ನೆಲ್ಲ ಒಂದು ಮೆದೆಗೆ ಸುರಿಯಿತು.

ಅತ್ತ ಯಜಮಾನರು ಹಾರವನ್ನು ಹಿಡಿದುಕೊಂಡೇ ಡೈರಿಗೆ ಓಡಿ ಫೈರ್ ಸ್ಟೇಷನ್ನಿಗೆ ಫೋನು ಮಾಡಿದರಂತೆ. "ಸಾರ್, ನಮ್ಮೂರಲ್ಲಿ ಬೆಂಕಿ ಬಿದ್ದಿದೆ, ಬೇಗ ಬನ್ನಿ!" ಆ ಕಡೆಯವರು ಸಮಾಧಾನವಾಗಿ, "ಹೊರಟಾಯ್ತು ಕಣ್ರೀ. ನಾವು ಬಂದ್ಮೇಲೆ ಹಚ್ಚಿ ಅಂದಿದ್ವಲ್ಲ, ಅಷ್ಟೇನ್ರೀ ಅವಸರ?" ಎಂದರಂತೆ.

ಇಂಜಿನ್ನು ಗಂಟೆ ಬಾರಿಸಿಕೊಂಡು ಬರುವಷ್ಟರಲ್ಲಿ ಬೆಂಕಿ ಆರಿತ್ತು. ಮೆದೆಯ ಒಂದು ಮಗ್ಗುಲು ಹೋಗಿತ್ತು, ಮುಕ್ಕಾಲು ಪಾಲು ಉಳಿದಿತ್ತು. ಕೊಟ್ಟಿಗೆಯ ಒಂದು ಗರಿಯೂ ಕಪ್ಪಾಗಿರಲಿಲ್ಲ. ಹಸುಗಳು, ಇವರಿಗೆಲ್ಲ ಇವತ್ತೇನಾಗಿದೆ ಎಂಬಂತೆ ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿದ್ದವು. ಮಸಿ ಮೆತ್ತಿಕೊಂಡ ನಮ್ಮ ಸಾಲನ್ನು ಸಾಹೇಬರು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಎಲ್ಲಾ ನೀವೇ ಆರಿಸಿದ್ರಾ?" ಎಂದರು. "ಊ ಸಾ," ಎಂದಳು ಚಿಕ್ಕತಾಯಮ್ಮ, "ಇನ್ ನಿಮ್ ಬೆಂಕಿ ಬ್ಯಾಡ, ಬುಟ್ಬುಡಿ. ಆರ್ಸಾಕೆ ಊರಲ್ಲಿ ತೊಟ್ಟು ನೀರಿಲ್ಲ." ಸಾಹೇಬರು ಜೋರಾಗಿ ನಕ್ಕು, "ಪೈಪ್ ಬಿಚ್ರಯ್ಯ, ಇವರ ಬಿಂದಿಗೆ ತುಂಬಿಸಿ," ಎಂದರು. ಕುಡಿಯಲಿಕ್ಕಲ್ಲದಿದ್ದರೂ ದನಕ್ಕೆ, ಪಾತ್ರೆಗೆ ಆಗುವ ನೀರು. ಊರಿಗೆ ಊರೇ ಸಾಲಿಟ್ಟಿತು. ಎಲ್ಲೋ ಹಿಂದಿದ್ದ ನನ್ನ ಬಿಂದಿಗೆಯನ್ನು ಚಿಕ್ಕತಾಯಮ್ಮ ಎತ್ತಿ ತಂದು ಎಲ್ಲಕ್ಕಿಂತ ಮುಂದೆ ಇಟ್ಟಳು.

"ಇದೇನೇ?" ಎಂದೆ.

"ಬಿಂದ್ಗೇಗೆ ಕಾಲ್ ಬಂದದೆ ಕಣಕ್ಕ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯುದ್ಧ ಗೆದ್ದವಳ ಹಾಗೆ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಬಂದೆ. ಅಡುಗೆಮನೆ ತುಂಬ ಹೊಗೆ. ಹುರುಳಿಕಾಳಿನ ನೀರು ಇಂಗಿ ತಳದ ಕಾಳು ಇದ್ದಿಲಾಗಿತ್ತು. "ಇಂಜಿನ್ನು ಇನ್ನೂ ಹೋಗಿಲ್ಲ, ಕರೀಲಾ?" ಎಂದರು ಯಜಮಾನರು. ಸೀಯದೆ ಉಳಿದ ಮೇಲಿನ ಕಾಳನ್ನು ಬಿಡಿಸಿ, ಹುಣಸೆ, ಬೆಳ್ಳುಳ್ಳಿ ಜಾಸ್ತಿ ಹಾಕಿ ಸಾರು ಮಾಡಿದೆ. ರಾತ್ರಿ ಮುದ್ದೆಗೆ ಅದೇ; ಜೊತೆಗೆ ಚಿಕ್ಕತಾಯಮ್ಮ ಕಳಿಸಿದ ಗಟ್ಟಿ ಮೊಸರು. ಮೊದಲು ಮಲಗಿದ್ದು ನಾನು. ಊರಿನ ಬೆಂಕಿ ಆರಿಸಿದವಳ ಒಲೆಯಲ್ಲಿ ಕೆಂಡ ಹಾಗೆಯೇ ನಿಗಿನಿಗಿ ಎನ್ನುತ್ತಿತ್ತಂತೆ. ಎದ್ದು ಹೋಗಿ ಅದಕ್ಕೊಂದು ಚೊಂಬು ನೀರು ಹಾಕಿ ಬಂದವರು ಯಜಮಾನರು.